ಗಾಡಿಯವನು ಹೇಳುತ್ತಿದ್ದ ಮರ

ಊರಿನ ಜನ ಅವನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಎಲ್ಲಿ ಹಾಕ್ತೀರಿ?"

ಕೇಳುವಾಗ ಅವರ ಒಂದು ಕೈ ಮೂಗಿನ ಮೇಲಿರುತ್ತಿತ್ತು, ಇನ್ನೊಂದು ಗೇಟಿನ ಚಿಲಕದ ಮೇಲೆ. ಅವನು ನಗರಸಭೆಯಲ್ಲಿ ಸತ್ತ ಪ್ರಾಣಿಗಳನ್ನು ಸಾಗಿಸುವ ಗಾಡಿಯ ಡ್ರೈವರ್. ಫೋನು ಬಂದ ಕಡೆ ಹೋಗಿ, ನಾಯಿಯೋ ಬೆಕ್ಕೋ ಕುದುರೆಯೋ, ಎತ್ತಿ ಹಾಕಿಕೊಂಡು ಊರಾಚೆಯ ಕಸದ ಯಾರ್ಡಿಗೆ ಒಯ್ಯುವುದು ಅವನ ಕೆಲಸ. ಸೇರಿದ ಹೊಸತರಲ್ಲಿ ಒಬ್ಬ ಟೀಚರಮ್ಮ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ: "ಗುಂಡಿಗಮ್ಮ." ಆಕೆ ಗೇಟು ಹಿಡಿದುಕೊಂಡೇ ಕುಸಿದು ಕೂತರು. ಅವರು ಏಳುವ ತನಕ ಗಾಡಿ ತೆಗೆಯುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ಮುಂದಿನ ಗೇಟಿನಲ್ಲಿ ಅವನ ಬಾಯಿಂದ ಒಂದು ಮರ ಹುಟ್ಟಿತು.

"ದೊಡ್ಡ ಮರ ಇದೆ ಸಾರ್. ಅದರ ಕೆಳಗೆ ಹೂಳ್ತೀವಿ."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳು ಬೇರನ್ನೇ ಬಿಟ್ಟಿತು. ಒಂದು ವರ್ಷ ಮರಕ್ಕೆ ನೆರಳು ಬಂತು, ಮುಂದಿನ ವರ್ಷ ಹಕ್ಕಿಗಳು ಬಂದವು. ಮಕ್ಕಳಿದ್ದ ಮನೆಯಾದರೆ ಒಂದೆರಡು ಅಳಿಲನ್ನೂ ಹತ್ತಿಸಿಬಿಡುತ್ತಿದ್ದ. ಕೇಳಿದವರ ಕೈ ಮೂಗಿನಿಂದ ಇಳಿಯುತ್ತಿರಲಿಲ್ಲ, ಮುಖ ಮಾತ್ರ ಸಡಿಲವಾಗುತ್ತಿತ್ತು. ಗೇಟು ಹಾಕಿಕೊಂಡು ಒಳಗೆ ಹೋಗುತ್ತಿದ್ದರು.

ಗಾಡಿಗೆ ಹೆಣ ಎತ್ತುವ ಕೆಲಸದವನಿಗೆ ಸೆಂಟು ಅಂತಲೇ ಹೆಸರು. ಕರ್ಚೀಫಿಗೆ ಸೆಂಟು ಹೊಡೆದುಕೊಳ್ಳದೆ ಅವನು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ನಗರಸಭೆ ಕೈಗವಸು ಕೊಡುವುದಾಗಿ ಹೇಳಿ ಎಷ್ಟೋ ಕಾಲವಾಗಿತ್ತು. ಸೆಂಟು ಅವನ ಸ್ವಂತದ್ದು.

"ಅಣ್ಣಾ, ನಿನ್ನ ಮರ ಈ ವರ್ಷ ಕಾಯಿ ಬಿಡ್ತೋ ಇಲ್ವೋ?"

"ಬಿಟ್ರೆ ಮೊದ್ಲು ನಿನ್ನ ತಲೆ ಮೇಲೆ ಬೀಳುತ್ತೆ. ಗಾಡಿಗೆ ನೀರು ಹೊಡಿ."

ಮಂಚ, ಬೆಂಚು ಅವನ ಮನೆಗೆ ಬಂದದ್ದೂ ಇದೇ ಗಾಡಿಯಲ್ಲಿ. "ಎರಡು ದೊಡ್ಡ ನಾಯಿ ಇವೆ, ತಗೊಂಡು ಹೋಗಿ" ಅಂತ ಫೋನು ಬಂದಿತ್ತು. ಹೋಗಿ ನೋಡಿದರೆ ಎರಡಕ್ಕೂ ಜೀವ ಇದೆ. ಕಾರು ನಿಲ್ಲಿಸುವ ಜಾಗದಲ್ಲಿ ಕಂಬಕ್ಕೆ ಕಟ್ಟಿಹಾಕಿದ ಅಣ್ಣ ತಂಗಿ. ಇನ್ನೂ ಬೆಳೆಯುವ ವಯಸ್ಸು, ಎಣಿಸುವ ಹಾಗೆ ಪಕ್ಕೆಲುಬು.

"ಮರಿಯಾಗಿದ್ದಾಗ ಮುದ್ದಾಗಿದ್ವು," ಅಂದರು ಮನೆಯೊಡತಿ. "ಇಷ್ಟು ಬೆಳೀತಾವೆ ಅಂತ ಯಾರೂ ಹೇಳ್ಲಿಲ್ಲ."

"ಅಮ್ಮಾ, ಇವು ಬದುಕಿವೆ. ನಮ್ಮದು ಸತ್ತದ್ದರ ಗಾಡಿ."

"ಗಾಡಿ ಗಾಡೀನೇ ಅಲ್ವಾ? ಖಾಲಿ ಹೋಗೋದ್ಯಾಕೆ?"

ಅವನು ಖಾಲಿ ಹೋಗಲಿಲ್ಲ. ಸಂಜೆ ಹೆಂಡತಿ ಬಾಗಿಲು ತೆಗೆದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆದು ಮಡಿಸುವ ಕೆಲಸದವಳು. ದಿನವಿಡೀ ಬಿಸಿ ಆವಿಯಲ್ಲಿ ನಿಂತು ಬಂದವಳ ಮುಖದಲ್ಲಿ ಕೋಪಕ್ಕೂ ಶಕ್ತಿ ಉಳಿದಿರುತ್ತಿರಲಿಲ್ಲ. ಎರಡನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವು ನಾಯಿನಾ? ಒಂದು ಮಂಚ, ಒಂದು ಬೆಂಚು ತಂದ ಹಾಗಿದೆಯಲ್ರೀ. ಇರೋದು ಎರಡು ರೂಮು. ಇವು ಒಳಗೆ ಬಂದ್ರೆ ನಾವು ಹೊರಗೆ."

ಅಣ್ಣ ಮಂಚ, ತಂಗಿ ಬೆಂಚು, ಹೆಸರು ಅಲ್ಲೇ ನಿಂತಿತು. ಅವಳು ಹೇಳಿದ್ದೂ ನಿಜವಾಯಿತು. ಮಂಚ ಅಡುಗೆಮನೆಯ ಬಾಗಿಲಿಗೆ ಅಡ್ಡ ಮಲಗಿದರೆ ಒಲೆಗೆ ಹೋಗುವವರು ದಾಟಿಕೊಂಡು ಹೋಗಬೇಕು. ಬೆಂಚು ಬಾಲ ಬೀಸಿದರೆ ಕಪಾಟಿನ ಕೆಳಗಿನ ಅರೆಯ ಲೋಟಗಳೆಲ್ಲ ನೆಲಕ್ಕೆ. ರಾತ್ರಿ ಮಾತ್ರ ಇಬ್ಬರಿಗೂ ಒಂದೇ ಚಾಪೆ. ಬೆನ್ನಿಗೆ ಬೆನ್ನು ತಾಗದಿದ್ದರೆ ಯಾರಿಗೂ ನಿದ್ದೆಯಿಲ್ಲ. ಒಬ್ಬರನ್ನು ಹೊರಗೆ ಕರೆದುಕೊಂಡು ಹೋದರೆ ಇನ್ನೊಬ್ಬರು ಬಾಗಿಲಿಗೆ ಮೂಗು ಒತ್ತಿ ಸಣ್ಣ ಮಗುವಿನ ಹಾಗೆ ರಾಗ ಎಳೆಯುತ್ತಿದ್ದರು. "ಇಷ್ಟು ದೊಡ್ಡ ದೇಹ ಇಟ್ಕೊಂಡು ನಾಚಿಕೆ ಆಗಲ್ವೇನೇ?" ಅಂತ ಅವಳು ಬೆಂಚುವನ್ನು ಬೈಯುತ್ತಿದ್ದಳು. ಬೈದ ಬಾಯಲ್ಲೇ ಮುದ್ದು ಮಾಡುತ್ತಿದ್ದಳು.

ಬೀದಿಯಲ್ಲಿ ಅವನಿಗೊಂದು ಅಂತರ ಇತ್ತು. ಟೀ ಅಂಗಡಿಯವನು ಲೋಟವನ್ನು ಅವನ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ. ಊರಿನ ನಾತವನ್ನು ದಿನವೂ ಹೊತ್ತು ಹಾಕುವವನನ್ನೇ ಊರು ನಾತ ಅಂದುಕೊಂಡಿತ್ತು. ಅವನ ವಾಸನೆ ಹಿಡಿದು ಓಡಿ ಬರುತ್ತಿದ್ದುದು ಎರಡೇ ಜೀವ. ಸಂಜೆ ಬಾಗಿಲಲ್ಲಿ ಅವನನ್ನು ನಿಲ್ಲಿಸಿಕೊಂಡು, ಬೂಟಿನಿಂದ ಕಾಲರಿನವರೆಗೆ ಅಂಗುಲ ಅಂಗುಲ ಮೂಸುತ್ತಿದ್ದವು. ಅವತ್ತಿನ ಪೇಪರ್ ಓದಿದ ಹಾಗೆ. ಊರಿನಲ್ಲಿ ಯಾರು ಯಾರು ಹೋದರು ಅನ್ನುವುದು ಅವನ ಬಟ್ಟೆಯ ಮೇಲೆ ಬರೆದಿರುತ್ತಿತ್ತು. ಓದಿ ಮುಗಿಸಿದ ಮೇಲೆ ಮಂಚ ಒಂದು ದೊಡ್ಡ ಉಸಿರು ಬಿಡುತ್ತಿದ್ದ.

"ಸಂತಾಪ ಸೂಚಿಸಿದ್ರು, ಒಳಗೆ ಬನ್ನಿ," ಅನ್ನುತ್ತಿದ್ದಳು ಹೆಂಡತಿ.

ಹೀಗೇ ವರ್ಷಗಳು ಹೋದವು. ಎರಡರ ಮೂತಿಯೂ ಬೆಳ್ಳಗಾಯಿತು. ಹೋದ ಬೇಸಿಗೆಯಲ್ಲಿ ಮಂಚ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಹೆಂಡತಿ ಲಾಂಡ್ರಿಯಲ್ಲಿದ್ದಳು. ಸುದ್ದಿ ತಲುಪಿದರೂ ಪಾಳಿ ಮುಗಿಯದೆ ಬಿಡಲಿಲ್ಲ. ನಾಯಿ ಸತ್ತಿದ್ದಕ್ಕೆ ರಜೆ ಕೇಳ್ತಾಳೆ ಅಂತ ಮೇಸ್ತ್ರಿ ನಾಲ್ಕು ಜನರೆದುರು ನಕ್ಕಿದ್ದನಂತೆ. ಬೇಸಿಗೆಯ ಬಿಸಿಲಲ್ಲಿ ದೇಹವನ್ನು ಹೆಚ್ಚು ಹೊತ್ತು ಇಡುವ ಹಾಗಿರಲಿಲ್ಲ. ಅವಳು ಬರುವಷ್ಟರಲ್ಲಿ ಅವನೂ ಸೆಂಟೂ ಎಲ್ಲ ಮುಗಿಸಿದ್ದರು. ಚಾಪೆಯ ಒಂದು ಅರ್ಧ ಖಾಲಿ. ಇನ್ನೊಂದು ಅರ್ಧದಲ್ಲಿ ಬೆಂಚು, ಗೋಡೆಗೆ ಮುಖ ಮಾಡಿ.

ಅವಳೂ ಅದೇ ಕೇಳಿದಳು. "ಎಲ್ಲಿ ಹಾಕಿದ್ರಿ?"

ನಿಜ ಹೇಳಬೇಕು ಅಂತಲೇ ಅವನು ಬಾಯಿ ತೆರೆದದ್ದು. ಬಾಯಿಗೆ ಅಭ್ಯಾಸವಾಗಿಹೋಗಿತ್ತು. "ಮರದ ಕೆಳಗೆ."

"ಯಾವ ಮರ?"

ಅವನು ನೆರಳು ಹೇಳಿದ, ಹಕ್ಕಿ ಹೇಳಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಷ್ಟಾದ್ರೂ ಆಯ್ತಲ್ಲ," ಅಂದಳು. ಆಮೇಲೆ ರಜೆಯ ದಿನ ಬಂದಾಗಲೆಲ್ಲ ಮರ ತೋರಿಸಿ ಅನ್ನುತ್ತಿದ್ದಳು. ಯಾರ್ಡಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ ಅಂತ ಅವನು. ಒಂದು ಸುಳ್ಳಿನ ಕಾವಲಿಗೆ ಇನ್ನೊಂದು.

ಬೆಂಚು ಎಷ್ಟು ದಿನ ಕಳೆದರೂ ಚಾಪೆಯ ಆ ಅರ್ಧಕ್ಕೆ ಕಾಲು ಚಾಚಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಅವಳ ಹಿಂಗಾಲು ಬಿದ್ದುಹೋದವು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಇಬ್ಬರೂ ಎರಡು ಕಡೆ ಎತ್ತಿ ಹೊರಗೆ ಕರೆದೊಯ್ಯುತ್ತಿದ್ದರು. ನೋಡಿದ ಡಾಕ್ಟರು ತಲೆಯಾಡಿಸಿ, ನೋವಿಗೆ ಮಾತ್ರ ಔಷಧಿ ಕೊಟ್ಟು ಹೋದರು.

"ಈ ಸಲ ನಾನೂ ಬರ್ತೀನಿ," ಅಂದಳು ಹೆಂಡತಿ. "ಯಾರು ಬಿಡಲ್ಲ ಅಂತಾರೋ ನೋಡ್ತೀನಿ. ಅವನಿಗೆ ಒಂದು ಮಾತು ಹೇಳೋಕೂ ಆಗ್ಲಿಲ್ಲ ನನಗೆ. ಇವಳನ್ನ ಅವನ ಪಕ್ಕದಲ್ಲೇ ಮಲಗಿಸ್ಬೇಕು."

ಅವನು ಹೂಂ ಅಂದ. ಮರುದಿನ ಸೆಂಟುವಿಗೆ ಎಲ್ಲ ಹೇಳಿದ.

"ಅಲ್ಲಣ್ಣಾ, ಊರಿಗೆಲ್ಲ ಮರ ಹಂಚಿದೆ, ಸರಿ. ಮನೆಗೂ ಒಂದು ತಗೊಂಡು ಹೋದ್ಯಾ?"

"ಈಗ ಏನ್ಮಾಡೋದು ಹೇಳೋ."

ಇಡೀ ಯಾರ್ಡಿನಲ್ಲಿ ಮರ ಅನ್ನಬಹುದಾದದ್ದು ಒಂದೇ ಇತ್ತು. ಪಂಪ್‌ಹೌಸಿನ ಹಿಂದೆ, ಕಸದ ಹೊಗೆ ಕುಡಿದು ಒಂದು ಕಡೆ ಒಣಗಿ, ಸೊಂಟ ಹಿಡಿದವರ ಹಾಗೆ ಬಾಗಿಕೊಂಡಿತ್ತು. ಸೆಂಟು ಅದರ ಸುತ್ತ ಒಂದು ಸುತ್ತು ಬಂದ. "ಇದೇನಾ ನೀನು ಇಷ್ಟು ವರ್ಷ ಹೊಗಳಿದ್ದು? ಪಾಪ, ಮೈ ಹುಷಾರಿಲ್ಲ ಅನ್ಸುತ್ತೆ." ಆದರೂ ಇಬ್ಬರೂ ಸೇರಿ ಮಣ್ಣು ಎಳೆದು, ಮಂಚನ ಅಳತೆಗೆ ಒಂದು ದಿಬ್ಬ ಮಾಡಿದರು. ಪಕ್ಕದಲ್ಲಿ ಬೆಂಚುವಿಗೆ ಗುಂಡಿ ತೋಡಿಟ್ಟರು. ಸೆಂಟು ಎಲ್ಲಿಂದಲೋ ಕಲ್ಲು ತಂದು, ಸುಣ್ಣ ಬಳಿದು, ದಿಬ್ಬದ ಸುತ್ತ ಜೋಡಿಸಿದ.

"ಇಷ್ಟೊಂದು ಅಲಂಕಾರ ಯಾಕೋ?"

"ಸುಳ್ಳು ಹೇಳೋದಾದ್ರೆ ಚೆನ್ನಾಗಿ ಹೇಳ್ಬೇಕಣ್ಣಾ. ಅತ್ತಿಗೆ ದುಡ್ಡು, ಒಡವೆ ಕೇಳಿದ್ರಾ ಯಾವತ್ತಾದ್ರೂ? ಇದೊಂದೇ ಕೇಳಿರೋದು."

ಬೆಂಚು ಹೋದದ್ದು ಬೆಳಗಿನ ಹೊತ್ತು, ಹೆಂಡತಿಯ ಪಾದದ ಮೇಲೆ ಗದ್ದ ಇಟ್ಟುಕೊಂಡು. ಅವಳು ಬಹಳ ಹೊತ್ತು ಪಾದ ಕದಲಿಸಲಿಲ್ಲ. ಆಮೇಲೆ ಎದ್ದು, ಲಾಂಡ್ರಿಯಲ್ಲಿ ಹರಿದುಹೋಯಿತೆಂದು ಬಿಸಾಕಿದ್ದ ಬೆಡ್‌ಶೀಟೊಂದನ್ನು ತೆಗೆದು, ಅದರ ಸುಕ್ಕು ಬಿಡಿಸಿ, ಹಾಸಿದಳು.

"ತಲೆ ಕಡೆ ಭಾರ ಜಾಸ್ತಿ, ಅತ್ತಿಗೆ. ನಾನು ಹಿಡೀತೀನಿ," ಅಂದ ಸೆಂಟು.

"ನಾನೇ ಹಿಡೀತೀನಿ."

ಮುಂದಿನ ಸೀಟಿನಲ್ಲಿ ಕೂರು ಅಂದರೂ ಕೇಳದೆ, ಅವಳು ಹಿಂದೆ, ಬೆಂಚುವಿನ ಪಕ್ಕ ಕೂತಳು. ಗಾಡಿ ಅಂಗಡಿ ಸಾಲು ದಾಟಿತು, ಶಾಲೆ ದಾಟಿತು. ಜಾಲರಿಯ ಕಿಂಡಿಯಿಂದ ಅವಳಿಗೆ ಬೀದಿ ಕಾಣುತ್ತಿತ್ತು. ಗಾಡಿ ಬಂದ ಕಡೆಯೆಲ್ಲ ಕೈಗಳು ಮೂಗಿಗೆ ಏರುತ್ತಿದ್ದವು, ಗಾಳಿಗೆ ಬಾಗುವ ಹುಲ್ಲಿನ ಹಾಗೆ ಸಾಲುಸಾಲಾಗಿ. ಗಂಡ ದಿನವೂ ಈ ಬೀದಿಯ ನಡುವೆ ಹೋಗುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಒಳಗೆ ಕೂತು ನೋಡಿದ್ದು ಇವತ್ತೇ.

ಮರದ ಹತ್ತಿರ ಗಾಡಿ ನಿಂತಿತು. ಅವಳು ಮೇಲೆ ನೋಡಿದಳು. ಹಕ್ಕಿ ಇರಲಿಲ್ಲ. ಬಿಳಿ ಕಲ್ಲುಗಳನ್ನು ದಾಟಿ, ದಿಬ್ಬದ ಪಕ್ಕ ಕೂತು, ಮಣ್ಣಿನ ಮೇಲೆ ಕೈ ಇಟ್ಟಳು. ಮಂಚನ ಬೆನ್ನು ಸವರುತ್ತಿದ್ದ ಹಾಗೇ, ಮೇಲಿನಿಂದ ಕೆಳಗೆ.

"ಅವತ್ತು ನಾನು ಬರೋಷ್ಟರಲ್ಲಿ ನೀನು ಹೊರಟೇ ಹೋಗಿದ್ದೆ ಕಣೋ. ಪಾಳಿ ಬಿಡ್ಲಿಲ್ಲ. ಬಿಟ್ಟು ಬರ್ಬೇಕಿತ್ತು ನಾನು. ಕೆಲಸ ಹೋದ್ರೆ ಹೋಗ್ಲಿ ಅಂತ ಬರ್ಬೇಕಿತ್ತು…"

ಸೆಂಟು ಮುಖ ತಿರುಗಿಸಿಕೊಂಡು ಕರ್ಚೀಫು ಹುಡುಕಿದ. ಖಾಲಿ ಮಣ್ಣನ್ನು ಅವಳ ಕೈ ಸವರುತ್ತಿರುವುದನ್ನು ಗಂಡ ಒಂದು ಸಲ ನೋಡಿದ, ಎರಡು ಸಲ ನೋಡಿದ. ಮೂರನೆಯ ಸಲ ನೋಡಲಾಗಲಿಲ್ಲ.

"ಅಲ್ಲಿಲ್ಲ ಅವನು."

ಕೈ ನಿಂತಿತು.

"ಇದು ನಿನ್ನೆ ಮೊನ್ನೆ ಮಾಡಿದ್ದು. ಒಳಗೆ ಏನೂ ಇಲ್ಲ. ನಾನು ಹೇಳಿದಂಥ ಮರ ಅನ್ನೋದೇ ಇಲ್ಲ ಕಣೇ. ಜನ ಅಳ್ತಾರೆ ಅಂತ ಹೇಳ್ತಿದ್ದೆ. ನಿನಗೂ ಹೇಳ್ಬಿಟ್ಟೆ."

ಅವಳು ಬೈಯುತ್ತಾಳೆ ಅಂತ ಕಾದ. ಅವಳು ಕೈಗೆ ಹತ್ತಿದ ಮಣ್ಣು ಕೊಡವಿಕೊಂಡು ಎದ್ದಳು. "ಎಲ್ಲಿ?" ಅಂದಳು. ಅಷ್ಟೇ.

ಗುಂಡಿ ಯಾರ್ಡಿನ ಕೊನೆಯಲ್ಲಿತ್ತು. ಮನೆಯಷ್ಟು ಉದ್ದ, ಬಾವಿಯಷ್ಟು ಆಳ. ಮೇಲೆ ಎರಚಿದ ಸುಣ್ಣದ ಬಿಳುಪಿನ ಕೆಳಗೆ ಬೆನ್ನುಗಳ ಗೆರೆ ಕಾಣುತ್ತಿತ್ತು. ಒಂದು ಕಡೆ ಕೆಂಪು ಕೊರಳಪಟ್ಟಿ. ದುಬಾರಿ ಜಾತಿ ನಾಯಿಯೂ ಲಾರಿಗೆ ಸಿಕ್ಕ ಬೀದಿ ನಾಯಿಯೂ ಒಂದೇ ಮಗ್ಗುಲಿಗೆ ಮಲಗಿದ್ದವು. ಅವಳು ಮೂಗಿಗೆ ಕೈ ಹಿಡಿಯಲಿಲ್ಲ.

"ಗುಂಡಿ ಗೋಡೆಯ ಆ ಮೂಲೆ," ಅಂದ ಅವನು. "ಈಗ ಮೇಲೆ ಮಣ್ಣು ಬಿದ್ದಿದೆ. ಎಸೀಲಿಲ್ಲ ನಾನು. ಇಳಿದು ಮಲಗಿಸಿದ್ದೆ."

"ಬೇರೆಯವರದ್ದನ್ನ?"

"…ಎಸೀತೀವಿ. ಇಳಿಯೋಕೆ ಏಣಿ ಕೊಟ್ಟಿಲ್ಲ. ಕೇಳಿ ಕೇಳಿ ಸಾಕಾಯ್ತು. ಅವತ್ತು ಸೆಂಟು ಹಗ್ಗ ಹಿಡಿದಿದ್ದ."

"ಹಗ್ಗ ತರಿಸಿ."

"ಅತ್ತಿಗೆ, ಅಲ್ಲಿ ತೋಡಿಟ್ಟಿದ್ದೀವಿ," ಅಂದ ಸೆಂಟು. "ಎಂಥದ್ದೋ ಒಂದು, ಮರ ಅಂತೂ ಇದೆ. ಒಳ್ಳೆ ಕಲ್ಲು ಹಾಕಿದ್ದೀನಿ. ಇಲ್ಲಿ ಯಾಕೆ?"

"ಮರದ ಕೆಳಗೆ ಒಬ್ಬಳೇ ಏನು ಮಾಡ್ತಾಳೆ? ಅರ್ಧ ಚಾಪೇಲಿ ಮಲಗಿ ಮಲಗಿ ಸತ್ತಳು. ಅವನು ಇರೋದು ಇಲ್ಲಿ. ಇಲ್ಲೇ."

ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹಗ್ಗವನ್ನು ಸೆಂಟು ಮುಂದೆ, ಅವಳು ಹಿಂದೆ ಹಿಡಿದಿದ್ದರು. ಕಾಲಿಗೆ ಆಸರೆ ಸಿಗದೆ ಅವನು ಒಮ್ಮೆ ಜಾರಿದ. ಗಂಡನ ಇಡೀ ಭಾರ ಅವಳ ಅಂಗೈಯಲ್ಲಿ ಉರಿಯಿತು. ಆಮೇಲೆ ಬೆಡ್‌ಶೀಟಿನ ತುದಿಗಳಿಗೆ ಹಗ್ಗ ಕಟ್ಟಿ ಬೆಂಚುವನ್ನು ಇಳಿಸಿದರು. ಅವನು ಕೆಳಗೆ ಎರಡೂ ಕೈ ಚಾಚಿ ಹಿಡಿದುಕೊಂಡು, ಗೋಡೆಯ ಮೂಲೆಗೆ ಒಯ್ದು, ಅವಳ ಬೆನ್ನು ಮಂಚನ ಕಡೆ ಬರುವ ಹಾಗೆ ಮಲಗಿಸಿದ. ಮೇಲಿನಿಂದ ಹೆಂಡತಿ ಮಂಚ, ಬೆಂಚು ಇಬ್ಬರಿಗೂ ಏನೋ ಹೇಳಿದಳು. ಅದು ಅವರಿಬ್ಬರಿಗೆ ಹೇಳಿದ್ದು.

ಹಿಂದಿರುಗುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು. ಅಂಗೈ ನೋಡಿಕೊಳ್ಳುತ್ತಿದ್ದಳು.

"ಇನ್ಮೇಲೆ ಆ ಮರ ಬೇಡ."

"ಜನ ಅಳ್ತಾರೆ ಕಣೇ."

"ಅಳಲಿ. ನೀವು ಒಂದು ಮರ ಕೊಟ್ಟು ಎಲ್ಲರನ್ನೂ ಒಳಗೆ ಕಳಿಸ್ತಿದ್ದೀರಿ. ಹೋಗಿ ನಿದ್ದೆ ಮಾಡ್ತಿದ್ದಾರೆ. ನಾಲ್ಕು ಜನ ಅತ್ರೆ ಒಂದು ಏಣಿ ಆದ್ರೂ ಬರುತ್ತೆ."

ಸೆಂಟು ಹಿಂದಿನಿಂದ, "ಕೈಗವಸೂ ಸೇರಿಸಿ ಅತ್ತಿಗೆ," ಅಂದ.

ಕೆಲವು ದಿನ ಅವನು ಮನೆಗೆ ಬಂದಾಗ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಮೂಸಿ ನೋಡುವವರು ಇರಲಿಲ್ಲ. ಊರಿನ ಸುದ್ದಿ ಬಟ್ಟೆಯ ಮೇಲೇ ಉಳಿದು, ಹಾಗೇ ಬಕೆಟ್ಟಿಗೆ ಹೋಗುತ್ತಿತ್ತು. ಚಾಪೆ ಇನ್ನೂ ಸುತ್ತಿರಲಿಲ್ಲ. ಒಂದು ಸಂಜೆ ಹೆಂಡತಿ ಬಂದು, ಅವನ ಭುಜಕ್ಕೆ ಮೂಗು ಹಚ್ಚಿ, ಉಸಿರು ಎಳೆದುಕೊಂಡಳು.

"ಇವತ್ತು ಯಾರ್ಯಾರು?"

"ಮಾರ್ಕೆಟ್ ಹಿಂದೆ ಒಂದು ಬೀದಿ ನಾಯಿ. ಒಂದು ಬೆಕ್ಕು. ಆಮೇಲೆ ಒಂದು ದೊಡ್ಡದು, ನಮ್ಮ ಬೆಂಚುವಿನಷ್ಟೇ."

"ಮನೆಯವರು ಕೇಳಿದ್ರಾ?"

"ಕೇಳಿದ್ರು. ಗುಂಡಿ ಅಂದೆ."

"ಅತ್ರಾ?"

"ಅತ್ರು. ಮನುಷ್ಯರಾ ನೀವು ಅಂತ ಬೈದ್ರು. ಆಮೇಲೆ, ಅಷ್ಟು ಆಳಕ್ಕೆ ಹೇಗೆ ಇಳೀತೀರಿ ಅಂದ್ರು. ಹಗ್ಗ ಅಂದೆ." ಅವನು ಬೂಟು ಬಿಚ್ಚಿಟ್ಟ. "ಮೂಗಿನಿಂದ ಕೈ ತೆಗೆದು, ಗಾಡಿಗೆ ಎತ್ತುವಾಗ ಶೀಟಿನ ಒಂದು ತುದಿ ಹಿಡಿದ್ರು."

"ಯಾವ ತುದಿ?"

"ತಲೆ ಕಡೆದು."