ಸ್ವಂತ ಕೈಯ ಅಡುಗೆ

ನಮ್ಮದು ವೃದ್ಧಾಶ್ರಮವಲ್ಲ. ಕಾರ್ಯದರ್ಶಿ ಹಣಮಂತಪ್ಪ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ನಮಗೂ ಬಾಯಿಪಾಠವಾಗಿತ್ತು. ಬೀದರಿನಿಂದ ಭಾಲ್ಕಿಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರು ಕಟ್ಟಿಸಿದ ಖೋಲಿಗಳ ಸಾಲು ಅದು. ವಯಸ್ಸಾದವರು ಪಿಂಚಣಿಯಲ್ಲೇ ಪೂರೈಸುವ ಬಾಡಿಗೆ ಕೊಟ್ಟು, ಯಾರ ಹಂಗೂ ಇಲ್ಲದೆ, ತಮ್ಮ ಬಾಗಿಲಿಗೆ ತಾವೇ ಚಿಲಕ ಹಾಕಿಕೊಂಡು ಇರಬಹುದು. ಕೇಳಲಿಕ್ಕೆ ಸ್ವರ್ಗ. ಶರತ್ತು ಒಂದೇ: ಸ್ವಂತ ಕೈಯಿಂದ ಅಡುಗೆ ಮಾಡಿಕೊಳ್ಳಬೇಕು. ಆಗದವರು ಖೋಲಿ ಬಿಡಬೇಕು. ಆಗದವರಿಗೆ ಮಾಡಿಹಾಕಿದವರೂ ಬಿಡಬೇಕು.

"ಒಬ್ಬರನ್ನೊಬ್ಬರು ಹೊತ್ಕೊಂಡು ಕುಂತ್ರ ನಾಳಿ ಎಲ್ಲಾರೂ ನಮ್ಮ ತಲಿ ಮ್ಯಾಲೇ ಬೀಳ್ತೀರಿ," ಎನ್ನುತ್ತಿದ್ದ ಹಣಮಂತಪ್ಪ. ಮಾತು ಸಿಹಿ, ಮನುಷ್ಯ ಮಾತ್ರ ಕಲ್ಲು.

೨೦೧೬ರ ಬೇಸಿಗೆ. ಬರ ಬಿದ್ದು ಊರೂರೇ ಪುಣೆ, ಹೈದರಾಬಾದಿಗೆ ಗುಳೆ ಹೊರಟಿದ್ದವು. ದುಡಿಯುವವರು ಹೊರಟಾಗ ಮುದುಕರನ್ನು ಎಲ್ಲಿಡುವುದು? ಔರಾದ, ಕಮಲನಗರದ ಕಡೆಯಿಂದಲೂ ಮಂದಿ ಬಂದು ನಮ್ಮ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ನಮ್ಮಲ್ಲಿ ಯಾರು ಹೆಚ್ಚು ಕೆಮ್ಮುತ್ತಾರೆ ಎಂದು, ಯಾವ ಖೋಲಿ ಖಾಲಿಯಾದೀತೆಂದು ಕಿವಿಗೊಡುತ್ತಿದ್ದರು. ಅವರ ತಪ್ಪೂ ಅಲ್ಲ, ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಕಾಂತಾಬಾಯಿ, ಹೊಲಿಗೆ ಮಷೀನಿನ ಮುಂದೆ ಬೆನ್ನು ಬಾಗಿಸಿಕೊಂಡವಳು. ನನ್ನ ಪಕ್ಕದ ಖೋಲಿ ಭಾತಂಬ್ರಾದ ಕೌಸಲ್ಯಾಬಾಯಿಯದು, ಅದರಾಚೆ ಚಾಂದಬೀಯದು. ಕೌಸಲ್ಯಾಬಾಯಿಯ ಮಗ ಮಾಣಿಕ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ತಗಡಿನ ಶೆಡ್ಡಿನಲ್ಲಿ ಹತ್ತು ಜನರ ನಡುವೆ ಮಲಗುತ್ತಿದ್ದ. ಚಾಂದಬೀಗಂತೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಖೋಲಿ ಹೋದರೆ ಇಬ್ಬರಿಗೂ ಬೀದಿಯೇ ಗತಿ.

ಆ ವರ್ಷ ಕೌಸಲ್ಯಾಬಾಯಿಯ ಕೈ ನಡುಗಲು ಶುರುವಾಯಿತು. ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು, ತುಂಬಿದ ಚಂಬು ಎತ್ತಿದರೆ ಅರ್ಧ ನೀರು ನೆಲಕ್ಕೆ. ಚಾಂದಬೀ ಯಾರಿಗೂ ಹೇಳದೆ ತನ್ನ ಹೂವಿನ ಚಿತ್ತಾರದ ಕಟೋರಿಯಲ್ಲಿ ಪಲ್ಯ, ಅದರ ಮೇಲೆ ರೊಟ್ಟಿ ಇಟ್ಟು ಸೆರಗಿನಡಿ ಒಯ್ದು ಕೊಡತೊಡಗಿದಳು. ಯಾರಿಗೂ ಗೊತ್ತಿಲ್ಲ ಎಂದು ಆಕೆ ತಿಳಿದಿದ್ದಳು. ಅಷ್ಟು ತೆಳ್ಳನೆಯ ಗೋಡೆಗಳ ನಡುವೆ ಗೊತ್ತಾಗದೆ ಇರುತ್ತದೆಯೇ? ಸಾಲಿನವರಿಗೆಲ್ಲ ಗೊತ್ತಿತ್ತು. ಹಣಮಂತಪ್ಪನೆದುರು ಮಾತ್ರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ನಮ್ಮ ಕಡೆ ಒಂದು ರೂಢಿ. ಊಟ ಬಂದ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಕೌಸಲ್ಯಾಬಾಯಿ ದಿನಾ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಿದ್ದಳು.

"ಖಾಲಿ ಕೊಡ್ರಿ ಬಾಯಿ, ನನಗೇನ್ ಬ್ಯಾಸರಿಲ್ಲ," ಎಂದು ಚಾಂದಬೀ ಅಂದದ್ದು ನನಗೆ ಕೇಳಿಸಿತ್ತು.

"ಸಣ್ಣಾಕಿ ಇದ್ದಾಗ ನಮಗ ನೀರು ಮ್ಯಾಲಿಂದ ಸುರೀತಿದ್ರು ಚಾಂದಬೀ. ನಾವು ಮುಟ್ಟಿದ ಭಾಂಡೆ ಯಾರೂ ತಿರುಗಿ ತಗೋತಿರಲಿಲ್ಲ. ನೀ ತಗೋತಿ. ಅದನ್ನ ಖಾಲಿ ಹ್ಯಾಂಗ ಕೊಡ್ಲಿ? ನನ್ನ ಕೈಲೆ ಏನರೆ ಮಾಡೇ ಕೊಡ್ತೇನಿ."

ಆ ಹಟವೇ ಮುಳುವಾಯಿತು. ಒಂದು ಮಧ್ಯಾಹ್ನ ಆಕೆ ಬಾಗಿಲು ಮುಚ್ಚಿಕೊಂಡು ಕಟೋರಿಗೆ ಹಾಕಿ ಕೊಡಲೆಂದು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಮಾಡಲು ಕೂತಳು. ಹುರಿಯುತ್ತಿದ್ದ ಕಡಾಯಿ ನಡುಗುವ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು, ಗ್ಯಾಸಿನ ಪಕ್ಕದ ಬಟ್ಟೆಗೆ ಬೆಂಕಿ ಹತ್ತಿತು. ಚೀರಾಟ ಕೇಳಿ ನಾನು ಓಡಿಹೋಗಿ ಕೊಡದ ನೀರು ಸುರುವಿದೆ. ಸಾಲಿನಲ್ಲಿ ಯಾರೋ, "ಅಯ್ಯೋ, ಟ್ಯಾಂಕರ್ ನೀರು ಹೋತಲ್ಲ!" ಎಂದರು. ಬರಗಾಲದಲ್ಲಿ ಮನುಷ್ಯರು ಹೀಗೂ ಆಗುತ್ತಾರೆ.

ಹಣಮಂತಪ್ಪ ಬಂದ. ಸುಟ್ಟ ಕಾಲು ನೋಡಲಿಲ್ಲ, ನಡುಗುವ ಕೈ ನೋಡಿದ. ಆಮೇಲೆ ನೆಲದ ಮೇಲಿದ್ದ ಹೂವಿನ ಕಟೋರಿ ನೋಡಿದ.

"ಖೋಲಿ ಬಿಡಬೇಕಾಗ್ತದರಿ ಬಾಯಿ, ಅದು ನಿಮಗೂ ಗೊತ್ತದ. ಆದ್ರ ಇಷ್ಟು ದಿನ ನಿಮಗ ಮಾಡಿ ಹಾಕಿದವರು ಯಾರು? ಈ ಕಟೋರಿ ಯಾರದು?"

ಬಾಗಿಲಲ್ಲಿ ನಿಂತಿದ್ದ ಚಾಂದಬೀ ಬಾಯಿ ತೆರೆದಳು. ನಾನೇ ಎಂದು ಹೇಳುವವಳಿದ್ದಳು, ಆಕೆಯ ಮುಖವೇ ಹೇಳುತ್ತಿತ್ತು. ಕೌಸಲ್ಯಾಬಾಯಿ ಬಿಡಲಿಲ್ಲ.

"ಆಕಿದು. ಇವತ್ತ ಒಂದಿನ ತಂದಿಟ್ಟು ಹೋಗ್ಯಾಳ. ನಾ ಮುಟ್ಟಿಲ್ಲ. ಮುಸಲ್ಮಾನರ ಕೈಲೆ ಮಾಡಿದ್ದು ನಾ ಉಣ್ಣಂಗಿಲ್ರಿ. ಚುರುಮುರಿ ನೀರಾಗ ತೊಯಿಸಿ ತಿಂದೇನಿ, ಇಷ್ಟು ದಿನ."

"ಬಾಯಿ, ಏನ್ ಮಾತಾಡ್ತೀರಿ..." ಎಂದಳು ಚಾಂದಬೀ.

"ನೀ ಸುಮ್ಮನಿರು! ನಿನ್ನ ಭಾಂಡೆ ತಗೊಂಡು ಹೋಗು."

ಜನ್ಮವಿಡೀ ತನಗೆ ಚುಚ್ಚಿದ ಮಾತನ್ನೇ ಹುಡುಕಿ ತೆಗೆದು ಆಕೆ ಆಡಿದ್ದಳು. ನಮಗೆಲ್ಲ ಅದು ಸುಳ್ಳೆಂದು ಗೊತ್ತು. ಹಣಮಂತಪ್ಪ ಮಾತ್ರ ನಂಬಿದ, ಚಾಂದಬೀಯ ಖೋಲಿ ಉಳಿಯಿತು. ಒಂದು ಬಲ್ಬು ಕೆಟ್ಟಿದೆ ಎಂದರೂ ಬಂದು ತಾನೇ ಒತ್ತಿ ನೋಡುವ ಮನುಷ್ಯ, ಇದಕ್ಕೆ ಮಾತ್ರ ಮರುಪ್ರಶ್ನೆ ಹಾಕಲಿಲ್ಲ. ಅಂಥ ಮಾತು ನಂಬುವುದು ಅವನಿಗೆ ಅಷ್ಟು ಸಲೀಸಾಗಿತ್ತು.

ಮರುದಿನ ಎಕಂಬಾದಿಂದ ದೂರದ ಸಂಬಂಧಿಕನೊಬ್ಬ ಟಂಟಂ ಆಟೋ ತಂದ. ಅವರೂ ವಾರದೊಳಗೆ ಹೈದರಾಬಾದಿಗೆ ಹೊರಡುವವರು. ಆಮೇಲೆ ಈಕೆಯ ಗತಿ ಏನೆಂದು ನಾನು ಕೇಳಿದರೆ ಅವನು ಗಂಟು ಎತ್ತಿಡುವುದರಲ್ಲಿ ಮಗ್ನನಾದ. ಕೌಸಲ್ಯಾಬಾಯಿ ಕುಂಟುತ್ತ ಹೋಗಿ ಹತ್ತಿದಳು. ಚಾಂದಬೀ ತನ್ನ ಹೊಸ್ತಿಲಲ್ಲೇ ನಿಂತಿದ್ದಳು. ಹತ್ತಿರ ಹೋಗಿ ತಬ್ಬಿಕೊಂಡರೆ ಸುಳ್ಳು ಬಯಲಾಗುತ್ತದೆ. ಹಣಮಂತಪ್ಪ ಅಲ್ಲೇ ನಿಂತಿದ್ದ. ಕೌಸಲ್ಯಾಬಾಯಿಯೂ ತಿರುಗಿ ನೋಡಲಿಲ್ಲ.

ಟಂಟಂ ರಸ್ತೆಗೆ ಇಳಿದ ಮೇಲೆ ಹಣಮಂತಪ್ಪ ಚಾಂದಬೀಯ ಹತ್ತಿರ ಬಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

"ಮನಸ್ಸಿಗಿ ಹಚ್ಕೋಬ್ಯಾಡ್ರಿ ಚಾಂದಬೀ. ಎಂಥಾ ಸೊಕ್ಕಿನ ಹೆಂಗಸು ನೋಡ್ರಿ. ನಿಮ್ಮಂಥವರ ಅನ್ನಕ್ಕ ಹಂಗ ಅನ್ನಬಹುದೇನು?"

ಚಾಂದಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೌದ್ರಿ ಸಾಹೇಬ್ರ," ಅಂದಳು. "ಭಾಳ ಸೊಕ್ಕಿನಾಕಿ."