ನೀಲಿ ಬಿಳಿ ಡೆಕ್ಕು

"ಇದೇ ಕೊನೇ ಆಟ. ಆಮೇಲೆ ಕಾರ್ಡು ಪಾಲು ಮಾಡಿ ನನ್ನವು ನನಗೆ ಕೊಟ್ಬಿಡಿ," ಎಂದಳು ಹೆಂಡತಿ, ಅಡುಗೆಮನೆಯಿಂದಲೇ. ಅವಳ ಹೊಲಿಗೆ ಮಿಷನ್ನು ಆಗಲೇ ಹಗ್ಗ ಬಿಗಿಸಿಕೊಂಡು ಬಾಗಿಲ ಬಳಿ ಕೂತಿತ್ತು. ಸಂಜೆಗೆ ಅವಳ ಅಣ್ಣ ವ್ಯಾನು ತರುವವನಿದ್ದ. ಈ ಸಲ ತವರಿಗೆ ಹೋಗುವುದು ತಿರುಗಿ ಬರುವುದಕ್ಕಲ್ಲ.

ಗಂಡ ಬಿಸ್ಕತ್ತಿನ ಡಬ್ಬಿಯನ್ನು ಬರಿದು ಮಾಡಿ ಊಟದ ಮೇಜಿನ ತುಂಬ ಕಾರ್ಡು ಹರಡಿಕೊಂಡಿದ್ದ. ಚಿತ್ರದ ಕಾರ್ಡುಗಳಲ್ಲಿ ಬೇಕಾದವನ್ನು ಆರಿಸಿ, ಪ್ರತಿಯೊಬ್ಬರೂ ತಮ್ಮದೇ ಕಟ್ಟು, ಅಂದರೆ ಡೆಕ್ಕು, ಜೋಡಿಸಿಕೊಂಡು ಆಡುವ ಆಟ ಅದು. ನೀಲಿಯವು ಅವಳು ಮದುವೆಗೆ ಮುಂಚೆ ಕೂಡಿಟ್ಟವು, ಬಿಳಿಯವು ಅವನವು. ಕೆಂಪಿನವನ್ನು ಇಬ್ಬರೂ ಸೇರಿ ಕೊಂಡಿದ್ದರು. ಆದರೆ ಅವನು ಅವುಗಳನ್ನು ಒಂದು ದಿನವೂ ಮುಟ್ಟಿದವನಲ್ಲ.

ಅವನು ಬಸ್ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡುವವನು. ಆಟದ ಗೆಳೆಯರು ಬ್ರೇಕಣ್ಣ ಎಂದು ಕರೆಯುತ್ತಿದ್ದದ್ದು ಮಾತ್ರ ಕೆಲಸಕ್ಕಲ್ಲ, ಆಡುವ ರೀತಿಗೆ. ಎದುರಿನವರು ಏನು ಹಾಕಲು ಹೊರಟರೂ ನೀಲಿಯಿಂದ ತಡೆಯುವುದು. ತಪ್ಪಿಸಿಕೊಂಡು ಮೇಜಿಗಿಳಿದದ್ದನ್ನು ಬಿಳಿಯಿಂದ ಗುಡಿಸಿಹಾಕುವುದು. ಅವರು ಸುಸ್ತಾದ ಮೇಲೆ ನಿಧಾನವಾಗಿ ಗೆಲ್ಲುವುದು. ಅವನೆದುರು ಕೂರುವವರು ಮೊದಲೇ ಟೀ ತರಿಸಿಕೊಂಡು ಕೂರುತ್ತಿದ್ದರು. ಗೆಲ್ಲಲು ಅವನ ಹತ್ತಿರ ಇದ್ದದ್ದು ಒಂದೇ ಕಾರ್ಡು: ಒಂದು ರೆಕ್ಕೆ ನೀಲಿ, ಒಂದು ರೆಕ್ಕೆ ಬಿಳಿ ಇರುವ ಹಕ್ಕಿ.

ಹಕ್ಕಿಯನ್ನು ಡೆಕ್ಕಿಗೆ ಸೇರಿಸಿದ. ತೆಗೆದ. ಮತ್ತೆ ಸೇರಿಸಿದ. ಒಳಗೆ ಅವಳು ಪಾತ್ರೆ ಒರೆಸಿ ತನ್ನವನ್ನಷ್ಟೇ ಬೇರೆ ಇಡುವ ಸದ್ದು ಕೇಳುತ್ತಿತ್ತು. ಅವನು ಹಕ್ಕಿಯನ್ನು ಎಳೆದು ಡಬ್ಬಿಯ ಕೆಳಗೆ ಸರಿಸಿ, ಆ ಜಾಗಕ್ಕೆ ಇನ್ನೊಂದು ತಡೆಯುವ ಕಾರ್ಡು ತುರುಕಿದ.

"ಕುದುರೆ ಸವಾರ," ಎಂದು ಅವಳು ಎದುರು ಬಂದು ಕೂತು ಕೆಂಪು ಕಾರ್ಡು ಇಟ್ಟಳು.

"ತಡೆದೆ."

"ಬೆಂಕಿ ಬಂಡಿ."

"ಅದನ್ನೂ ತಡೆದೆ."

"ಇವತ್ತಾದ್ರೂ ಒಂದು ಬಿಡ್ರೀ! ನಿಮ್ಮ ಗಂಟೇನು ಹೋಗುತ್ತೆ?" ಎಂದು ಮೊದಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಹೇಗೋ ಮೂರು ಸೈನಿಕರನ್ನು ಮೇಜಿಗಿಳಿಸಿದಾಗ ಅವನು ಬಿಳಿ ಕಾರ್ಡು ಹಾಕಿ ಮೂವರನ್ನೂ ಒಟ್ಟಿಗೆ ಗುಡಿಸಿದ. ಅವಳು ಕೈಯಲ್ಲಿದ್ದ ಕಾರ್ಡುಗಳನ್ನು ಮಡಿಲಿಗೆ ಇಳಿಸಿದಳು.

"ಬಾಡಿಗೆಗೆ ಒಂದು ಮಳಿಗೆ ಹಿಡೀತೀನಿ, ಹೊಲಿಗೆ ಅಂಗಡಿ ಹಾಕ್ತೀನಿ ಅಂದೆ. ನೋಡೋಣ ಅಂದ್ರಿ. ಮಗು ದತ್ತು ತಗೊಳ್ಳೋಣ ಅಂದೆ. ನೋಡೋಣ. ನಾನು ಹೊರಟುಹೋಗ್ತೀನಿ ಅಂದಾಗ್ಲೂ ಅದೇ ಅಂದ್ರಿ. ಒಂದು ಸಲನಾದ್ರೂ ಬೇಡ ಅನ್ನಬಾರದಿತ್ತಾ? ಜಗಳನಾದ್ರೂ ಆಡ್ತಿದ್ದೆ."

ಹೋಗಬೇಡ ಎನ್ನಬೇಕೆಂದು ಬಾಯಿ ತೆರೆದವನು, "ನಿನ್ನ ಸರದಿ," ಎಂದ.

ಕಾರ್ಡು ಹೆಚ್ಚು ಎಳೆದವನು ಅವನೇ, ಹಾಗಾಗಿ ಅವನ ಡೆಕ್ಕೇ ಮೊದಲು ಮುಗಿಯಿತು. ಎಳೆಯಲು ಕೈ ಚಾಚಿದರೆ ಬೆರಳಿಗೆ ಮೇಜಿನ ಹಲಗೆ ತಾಕಿತು. ಎಳೆಯಲು ಕಾರ್ಡಿಲ್ಲದವನು ಆ ಆಟದಲ್ಲಿ ಸೋತಂತೆ.

"ಹಕ್ಕಿ ಬರಲೇ ಇಲ್ವಲ್ಲ?" ಎಂದಳು. ಅವನ ಕಣ್ಣು ಹೋದತ್ತ ನೋಡಿ ಡಬ್ಬಿ ಎತ್ತಿದಳು. "ಇದನ್ನ ಹೊರಗಿಟ್ಟು ಆಡಿದ್ರಾ?"

"ಇದ್ದಿದ್ರೆ ಆಟ ಬೇಗ ಮುಗಿದುಹೋಗ್ತಿತ್ತು ಕಣೇ."

ಅವಳು ಹಕ್ಕಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅಂಗೈಯಿಂದ ಕಣ್ಣು ಒರೆಸಿಕೊಂಡು, ಸೂಜಿಗೆ ಪಳಗಿದ ಬೆರಳುಗಳಲ್ಲಿ ಬೇಗ ಬೇಗ ಪಾಲು ಮಾಡತೊಡಗಿದಳು. ನೀಲಿ ಇತ್ತ, ಬಿಳಿ ಅತ್ತ. ಕೆಂಪನ್ನು ಅವನೇ ಅವಳತ್ತ ತಳ್ಳಿದ. ಹಕ್ಕಿಯನ್ನು ಮಾತ್ರ ಅವಳು ಇತ್ತ ತಂದಳು, ಅತ್ತ ಒಯ್ದಳು, ಕೊನೆಗೆ ನಡುವೆ ಇಟ್ಟುಬಿಟ್ಟಳು. ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು.

ಮಿಷನ್ನಿನ ಒಂದು ಬದಿ ಅಣ್ಣ ಹಿಡಿದ, ಇನ್ನೊಂದು ಬದಿ ಇವನು. "ಬರ್ತೀನಿ ಭಾವ," ಎಂದು ಅಣ್ಣ ಬೇರೆಲ್ಲೋ ನೋಡುತ್ತ ಹೇಳಿ ಡ್ರೈವರ್ ಸೀಟಿಗೆ ಹತ್ತಿದ.

"ಯಾವಾಗಲಾದ್ರೂ ಒಂದ್ಸಲ ಬಂದು ಹೋಗ್ತೀಯಾ?" ಎಂದು ಇವನು ವ್ಯಾನಿನ ಕಿಟಕಿಯ ಬಳಿ ಅವಳನ್ನು ಕೇಳಿದ.

"ನೋಡೋಣ," ಎಂದಳು. ಚುಚ್ಚುವ ದನಿಯಲ್ಲ. ಇಷ್ಟು ವರ್ಷ ಅವನು ಹೇಳುತ್ತಿದ್ದಷ್ಟೇ ಮೆತ್ತಗೆ.

ಒಳಗೆ ಬಂದಾಗ ಮೇಜಿನ ಒಂದು ಬದಿಗೆ ಬಿಳಿ ಕಾರ್ಡುಗಳಿದ್ದವು, ಇನ್ನೊಂದು ಬದಿ ಖಾಲಿ. ಹಕ್ಕಿ ಅವಳು ಇಟ್ಟಲ್ಲೇ ಇತ್ತು. ಅವನು ತನ್ನ ಕುರ್ಚಿಯಲ್ಲೇ ಕೂತು, ಅದನ್ನು ಒಂದು ಬೆರಳಿನಿಂದ ಅವಳ ಬದಿಗೆ ಸರಿಸಿದ.