ಅಡ್ಡ ಬಂದದ್ದು ಎಮ್ಮೆಯಲ್ಲ

ಮಾಯಸಂದ್ರದ ಹತ್ತಿರ ಒಂದು ಊರು. ಸುತ್ತ ತೆಂಗಿನ ತೋಟ, ಮನೆಮನೆಯ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ. ಆ ಊರಿನ ಜ್ಞಾನೇಶ್‌ಗೆ ಒಂದು ಲಗೇಜ್ ಆಟೋ ಇತ್ತು. ಊರವರ ಕೊಬ್ಬರಿ ಚೀಲಗಳನ್ನು ತಿಪಟೂರು ಮಾರುಕಟ್ಟೆಗೆ ಸಾಗಿಸುವುದು ಅವನ ಕೆಲಸ. ಮಾತು ಮೃದು, ಕೆಲಸ ಚೊಕ್ಕ. ಆದರೆ ಕುಡಿತ. ಮೊದಲು ಸಂತೆಗೆ ಹೋದಾಗ ಮಾತ್ರ ಇತ್ತು. ಆಮೇಲೆ ದಿನಾ ಸಂಜೆ ಆಯಿತು. ಈಗೀಗ ಬೆಳಗ್ಗೆ ಎದ್ದು ಒಂದು ಗುಟುಕು ಹಾಕದಿದ್ದರೆ ಕೈ ನಡುಗುತ್ತಿತ್ತು.

ಒಂದು ದಿನ ಬೆಳಗ್ಗೆ ಅವನ ಆಟೋ ನಾಲೆ ಏರಿಯಿಂದ ಪಕ್ಕದ ಹಳ್ಳಕ್ಕೆ ಮಗುಚಿತು. ಕೊಬ್ಬರಿ ಚೀಲಗಳೆಲ್ಲ ಕೆಸರಿಗೆ ಬಿದ್ದವು. ಜ್ಞಾನೇಶ್ ಹಣೆಗೆ ಹೊಲಿಗೆ ಬಿತ್ತು. ಅವನ ಮಗಳು ಜೀವಿತಾ ಪಿಯುಸಿ ಓದುತ್ತಿದ್ದಳು. ಕಾಲೇಜಿಗೆ ಅಂತ ಅಪ್ಪನ ಪಕ್ಕ ಕೂತು ಹೊರಟಿದ್ದಳು. ಅವಳ ಮುಂಗೈ ಮೂಳೆ ಬಿರುಕು ಬಿಟ್ಟಿತು.

ನೋಡಲು ಬಂದವರಿಗೆಲ್ಲ ಜ್ಞಾನೇಶನ ತಾಯಿ ಶಿವರುದ್ರಮ್ಮ ಒಂದೇ ಮಾತು ಹೇಳಿದರು. "ಎಮ್ಮೆ ಅಡ್ಡ ಬಂತು ಕಣ್ರೀ. ಪಾಪ, ಅದನ್ನ ತಪ್ಸೋಕ್ ಹೋಗಿ ಹಿಂಗಾಯ್ತು."

ಬಂದವರು ಹೌದೌದು ಅಂತ ತಲೆ ಆಡಿಸಿದರು. ಎಮ್ಮೆ ಗಿಮ್ಮೆ ಏನೂ ಇರಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಶಿವರುದ್ರಮ್ಮನಿಗೂ ಗೊತ್ತಿತ್ತು. ಕೈಗೆ ಪಟ್ಟಿ ಹಾಕಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಜೀವಿತಾ ಮಾತ್ರ ಕೇಳಿಯೇಬಿಟ್ಟಳು: "ಅಜ್ಜಿ, ಆ ಎಮ್ಮೆ ಯಾರ ಮನೇದು?"

ಶಿವರುದ್ರಮ್ಮ ತಟ್ಟನೆ ಎದ್ದರು. ಒಳಗೆ ಹೋಗಿ ಪಾತ್ರೆ ಎತ್ತಿಡತೊಡಗಿದರು.

ಜ್ಞಾನೇಶನ ಹೆಂಡತಿ ದಾನೇಶ್ವರಿ ಆ ವಾರ ರವಿಕೆ ಹೊಲಿಯಲು ಕೊಡಬೇಕು ಅಂತ ಮಾಯಸಂದ್ರಕ್ಕೆ ಹೋದಳು. ಹೊಲಿಯುವ ನಿರ್ಮಲಾ ಅವಳ ಜೊತೆ ಓದಿದವಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಟ್ಟೆ ಕೈಗೆ ಕೊಡುವಾಗಲೇ ದಾನೇಶ್ವರಿಗೆ ಅಳು ಬಂತು. ಗಂಡನ ಕುಡಿತ, ಮಗಳ ಕೈ, ಎಲ್ಲ ಹೇಳಿಕೊಂಡಳು.

ನಿರ್ಮಲಾ ಮಿಷನ್ ನಿಲ್ಲಿಸಿದಳು. "ನಮ್ಮನೆಯೋರೂ ಹಂಗೇ ಇದ್ರು ಕಣೇ. ನಿಂಗೇ ಗೊತ್ತಲ್ಲ, ತಿಲಕ್ ಅಂದ್ರೆ ಊರೋರು ಮೂಗು ಮುರೀತಿದ್ರು. ಈಗ ಕುಡಿಯಲ್ಲ. ಭಾನುವಾರ ಮಧ್ಯಾಹ್ನ ತುರುವೇಕೆರೇಲಿ ಕೂಟ ಸೇರ್ತದೆ. ಒಂದು ರೂಮಲ್ಲಿ ಕುಡಿತ ಬಿಟ್ಟೋರು, ಬಿಡ್ಬೇಕು ಅನ್ನೋರು. ಇನ್ನೊಂದು ರೂಮಲ್ಲಿ ನಮ್ಮಂಥ ಮನೆಯೋರು. ಬಾ."

"ಇವ್ರು ಬರಲ್ಲ ನಿರ್ಮಲಾ. ಹೆಸ್ರೆತ್ತಿದ್ರೆ ತಟ್ಟೆ ಎಸೀತಾರೆ."

"ಅವ್ರನ್ನ ಕರ್ಕೊಂಡ್ ಬಾ ಅಂದ್ನಾ ನಾನು? ನೀನ್ ಬಾ."

"ಕುಡಿಯೋರು ಅವ್ರು. ನಾನ್ ಬಂದು ಏನ್ ಮಾಡ್ಲಿ?"

"ಕುಡಿಯೋದು ಒಬ್ರು, ನಿದ್ದೆಗೆಡೋದು ಮನೆಮಂದಿಯೆಲ್ಲ. ಜ್ವರ ಬಂದಿರೋದು ಎಲ್ರಿಗೂ, ಔಷಧಿ ಒಬ್ರಿಗೇ ಸಾಕಾ?"

ಮನೆಯಲ್ಲಿ ಈ ಮಾತು ತೆಗೆದಾಗ ಶಿವರುದ್ರಮ್ಮ ಸಿಡಿದೆದ್ದರು.

"ನಾಲ್ಕು ಜನದ ಮುಂದೆ ಗಂಡನ ಮಾನ ಹರಾಜು ಹಾಕಕ್ಕೆ ಹೋಗ್ತೀಯಾ? ನಮ್ ಮನೆ ವಿಷ್ಯ ನಮ್ ಹೊಸ್ತಿಲು ದಾಟಿಲ್ಲ ಇಲ್ಲೀತಂಕ!"

"ದಾಟಿ ಹಳ್ಳಕ್ಕೆ ಬಿದ್ದೈತೆ ಅತ್ತೆ," ಅಂದಳು ದಾನೇಶ್ವರಿ. "ನಾನು ಹೋಗೇ ಹೋಗ್ತೀನಿ."

ಶಿವರುದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ಹಂಗಾದ್ರೆ ನಾನೂ ಬತ್ತೀನಿ ನಡಿ. ನೀನು ಏನೇನ್ ಹೇಳ್ತೀಯೋ ನೋಡೇಬುಡ್ತೀನಿ," ಅಂದರು. ಸೊಸೆಯ ಬಾಯಿಗೆ ಕಾವಲು ಕೂರುವುದು ಅವರ ಉದ್ದೇಶ.

ಮನೆಯವರ ಕೂಟ ನಡೆಯುತ್ತಿದ್ದದ್ದು ಒಂದು ಶಾಲೆಯ ಕೊಠಡಿಯಲ್ಲಿ. ಜಮಖಾನದ ಮೇಲೆ ಹೆಂಗಸರೇ ಹೆಚ್ಚು, ಒಂದಿಬ್ಬರು ಗಂಡಸರು. ಯಾರೂ ಯಾವ ಊರು, ಯಾವ ಜನ ಅಂತ ಕೇಳಲಿಲ್ಲ. ದುಡ್ಡು ಕೇಳಲಿಲ್ಲ. ನಿರ್ಮಲಾ ಶುರುವಿನಲ್ಲೇ ಹೇಳಿದಳು: "ಇಲ್ಲಿ ಕೇಳಿದ್ದು ಇಲ್ಲೇ ಇರ್ಬೇಕು. ಇನ್ನೊಬ್ರಿಗೆ ಬುದ್ಧಿ ಹೇಳಂಗಿಲ್ಲ. ಅವರವರ ಮನೇದು ಅವರವರು ಹೇಳ್ಕೊಳ್ಳಿ. ಇಷ್ಟ ಇಲ್ದಿದ್ರೆ ಸುಮ್ನೆ ಕೂತ್ಕೊಂಡು ಟೀ ಕುಡ್ಕೊಂಡ್ ಹೋಗಿ."

ಶಿವರುದ್ರಮ್ಮ ಗೋಡೆಗೆ ಒರಗಿ, ಸೆರಗು ಬಿಗಿಯಾಗಿ ಹೊದ್ದು ಕೂತರು. ಎದುರಿಗೆ ಬಿಳಿ ಪಂಚೆಯ ಹಿರಿಯರೊಬ್ಬರು. ಅವರನ್ನು ನೋಡಿ ಶಿವರುದ್ರಮ್ಮ ಗಾಬರಿಯಾದರು. ಅವರು ಮರುಳಸಿದ್ದಯ್ಯ, ಆ ಸುತ್ತಿಗೆಲ್ಲ ನ್ಯಾಯ ಹೇಳುವ ಮನುಷ್ಯ. ಇವರಿಗೇನು ಇಲ್ಲಿ ಕೆಲಸ?

ಮರುಳಸಿದ್ದಯ್ಯ ಮೆಲ್ಲಗೆ ಮಾತಾಡಿದರು. "ನನ್ನ ಮಗ ಕುಡಿದು ಬಿದ್ದಾಗೆಲ್ಲ ನಾನೇ ಎತ್ಕೊಂಡ್ ಬಂದೆ. ಮುಖ ತೊಳೆಸ್ದೆ, ಒಗೆದ ಬಟ್ಟೆ ಹಾಕ್ದೆ, ಯಾರ್ ಕೇಳಿದ್ರೂ ಹುಷಾರಿಲ್ಲ ಅಂದೆ. ಬೆಳಗ್ಗೆ ಎದ್ರೆ ಅವನು ಹಾಸಿಗೆ ಮೇಲೇ ಇರ್ತಿದ್ದ. ತಾನು ಬಿದ್ದಿದ್ದೇ ಅವನಿಗೆ ಗೊತ್ತಾಗ್ಲಿಲ್ಲ. ನಾನು ಗೊತ್ತಾಗೋಕೆ ಬಿಡ್ಲಿಲ್ಲ. ಪ್ರೀತಿ ಅಂದ್ಕೊಂಡಿದ್ದೆ."

ದಾನೇಶ್ವರಿ ಮಾತಾಡಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಎಮ್ಮೆ ಬರ್ಲಿಲ್ಲ."

ಶಿವರುದ್ರಮ್ಮನೇ ಅದು. ಎಲ್ಲರೂ ತಿರುಗಿದರು. ಯಾರಿಗೂ ಅರ್ಥವಾಗಲಿಲ್ಲ, ಆದರೆ ಯಾರೂ ನಗಲಿಲ್ಲ. "ನಮ್ ಹುಡ್ಗ ಕುಡಿದು ಗಾಡಿ ಓಡ್ಸಿದ. ಮಗು ಕೈ ಮುರೀತು. ಎಮ್ಮೆ ಬಂತು ಅಂತ ನಾನೇ ಹೇಳ್ದೆ. ಮೊಮ್ಮಗಳ ಮುಂದೇನೇ ಹೇಳ್ದೆ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಹೆಂಗಸು ಅವರ ಕೈ ಹಿಡಿದುಕೊಂಡಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಸೊಸೆಗೆ ಹೇಳಿದ್ದು ಒಂದೇ ಮಾತು: "ಎದೆ ಹಗುರಾಯ್ತು ಕಣೇ."

ಮುಂದೆ ಮನೆಯಲ್ಲಿ ಎರಡು ವಿಷಯ ಬದಲಾದವು. ಕುಡಿದಾಗ ಆಟೋ ಕೀ ಜ್ಞಾನೇಶ್ ಕೈಗೆ ಸಿಗುತ್ತಿರಲಿಲ್ಲ. ಅವನ ಪರವಾಗಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಊಟ ಮಾತ್ರ ಎಂದಿನಂತೆ ಬಡಿಸುತ್ತಿದ್ದರು.

ಒಂದು ಬೆಳಗ್ಗೆ ತಿಪಟೂರು ಮಂಡಿಯವರ ಫೋನ್ ಬಂತು, ಲೋಡ್ ಯಾಕೆ ಬಂದಿಲ್ಲ ಅಂತ. ಜ್ಞಾನೇಶ್ ಮುಸುಕಿನೊಳಗಿಂದಲೇ, "ಜ್ವರ ಅಂತ ಹೇಳವ್ವ," ಅಂದ. ಶಿವರುದ್ರಮ್ಮ ಫೋನನ್ನು ಅವನ ತಲೆದಿಂಬಿನ ಪಕ್ಕ ಇಟ್ಟರು. "ನೀನೇ ಮಾತಾಡಪ್ಪ."

ಮಂಡಿಯವರು ಬೇರೆ ಗಾಡಿ ಕರೆಸಿಕೊಂಡರು. ಜ್ಞಾನೇಶ್ ಮನೆಯೆಲ್ಲ ಕೂಗಾಡಿದ. "ಎಲ್ರೂ ಸೇರ್ಕೊಂಡು ನನ್ನ ಕೈ ಬಿಟ್ರಾ? ಹೆತ್ತ ತಾಯೀನೂವೆ?"

"ನಿನ್ನ ಕೈ ಬಿಟ್ಟಿಲ್ಲ ಕಣ್ಲಾ," ಅಂದರು ಶಿವರುದ್ರಮ್ಮ. "ನಿನ್ನ ಕುಡಿತದ ಕೈ ಬಿಟ್ಟೆ. ಅದಕ್ಕೆ ಇಷ್ಟು ದಿನ ಅನ್ನ ಹಾಕಿ ಸಾಕಿದ್ದು ನಾನೇ."

ಆ ಮಾತು ಅವನಿಗೆ ನಾಟಿತು. ಹಟಕ್ಕೆ ಬಿದ್ದ. "ಯಾರ ಕೂಟಾನೂ ಬೇಡ. ನಾನೇ ಬಿಟ್ಟು ತೋರಿಸ್ತೀನಿ," ಅಂತ ಅವತ್ತಿಂದಲೇ ನಿಲ್ಲಿಸಿದ. ಮನೆಯವರಿಗೆ ಖುಷಿಯಾಯಿತು. ಆದರೆ ಮಾರನೆಯ ದಿನ ಅವನ ಮೈಯೆಲ್ಲ ಬೆವರಿತು. ಲೋಟ ಹಿಡಿಯಲಾಗದಷ್ಟು ಕೈ ನಡುಗಿತು. ಗೋಡೆ ಮೇಲೆ ಹುಳ ಹರಿದಾಡ್ತಾವೆ, ಗುಡಿಸು ಅಂತ ದಾನೇಶ್ವರಿಗೆ ಹೇಳತೊಡಗಿದ. ಗೋಡೆ ಮೇಲೆ ಏನೂ ಇರಲಿಲ್ಲ.

ದಾನೇಶ್ವರಿ ನಿರ್ಮಲಾಗೆ ಫೋನ್ ಮಾಡಿದಳು. ನಿರ್ಮಲಾಳ ಗಂಡ ತಿಲಕ್ ಕಾರು ತಗೊಂಡು ಬಂದೇಬಿಟ್ಟ. "ಇದನ್ನ ಮನೇಲಿ ನೋಡ್ಕೊಂಡು ಕೂರೋದಲ್ಲ ಅಕ್ಕ. ಆಸ್ಪತ್ರೆಗೆ ನಡೀರಿ." ತಿಪಟೂರಿನಲ್ಲಿ ಡಾಕ್ಟರು ಅವನನ್ನು ಸೇರಿಸಿಕೊಂಡು ಔಷಧಿ ಶುರು ಮಾಡಿದರು. "ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಬಿಡುವುದು ಒಳ್ಳೆಯದೇ. ಆದರೆ ಡಾಕ್ಟರ ಕಣ್ಣೆದುರು ಬಿಡಬೇಕು. ಸರಿಯಾದ ಹೊತ್ತಿಗೆ ಕರೆತಂದಿದ್ದೀರಿ," ಅಂದರು.

ಜ್ಞಾನೇಶ್ ಚೇತರಿಸಿಕೊಂಡ ಮೇಲೆ ತಿಲಕ್ ಬಂದು ಮಂಚದ ಪಕ್ಕ ಕೂತ. ಉಪದೇಶ ಮಾಡಲಿಲ್ಲ. ಕಿತ್ತಳೆ ಸುಲಿದುಕೊಟ್ಟ.

"ನಿಂಗೂ ಹುಳ ಕಂಡಿದ್ವಾ?" ಜ್ಞಾನೇಶ್ ನಾಚಿಕೊಂಡು ಕೇಳಿದ.

"ನಂಗೆ ಇರುವೆ ಕಣ್ಲಾ. ಹಾಸಿಗೆ ತುಂಬ."

ಇಬ್ಬರೂ ನಕ್ಕರು. ಜ್ಞಾನೇಶ್ ಎಷ್ಟೋ ದಿನಗಳ ಮೇಲೆ ನಕ್ಕಿದ್ದ. ತನ್ನ ಸ್ಥಿತಿ ಹೇಳದೆಯೇ ಅರ್ಥ ಮಾಡಿಕೊಳ್ಳುವ ಒಬ್ಬ ಮನುಷ್ಯ ಅವನಿಗೆ ಮೊದಲ ಸಲ ಸಿಕ್ಕಿದ್ದ. ಮುಂದಿನ ಭಾನುವಾರ ಅವನು ತಾನಾಗಿಯೇ ತಿಲಕ್ ಕಾರು ಹತ್ತಿದ.

ಅಲ್ಲಿಂದ ಎಲ್ಲ ಸಲೀಸಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ತಿಪಟೂರಿನಲ್ಲಿ ಹಳೇ ಗೆಳೆಯರು ಸಿಕ್ಕರು. "ಒಂದೇ ಒಂದು" ಅಂದರು. ಒಂದು ನಾಲ್ಕಾಯಿತು. ಆಟೋ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದ. ಭಾನುವಾರ ಬಂದಾಗ ಎದ್ದೇಳಲಿಲ್ಲ. "ಯಾವ ಮುಖ ಇಟ್ಕೊಂಡ್ ಹೋಗ್ಲಿ?" ಅಂದ.

ತಿಲಕ್ ಬಾಗಿಲಲ್ಲೇ ನಿಂತು ಹೇಳಿದ: "ನಾನೂ ಎಡವಿದೋನೇ ಕಣ್ಲಾ. ಎಡವಿದೋರ್ಗೆ ಬರಬ್ಯಾಡ ಅಂದ್ರೆ ಅಲ್ಲಿ ಜಮಖಾನ ಖಾಲಿ ಇರ್ತದೆ. ಎದ್ದೇಳು."

ದಾನೇಶ್ವರಿ ಬೈಯಲಿಲ್ಲ, ಅಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತಂದು ಮಂಚದ ಮೇಲಿಟ್ಟು, ತಾನು ಹೊರಡಲು ಚಪ್ಪಲಿ ಮೆಟ್ಟಿಕೊಂಡಳು. ಅವಳು ಹೇಗಿದ್ದರೂ ಹೋಗುವವಳೇ. ಸ್ವಲ್ಪ ಹೊತ್ತಿಗೆ ಜ್ಞಾನೇಶ್ ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ. ಅವತ್ತು ಕೂಟದಲ್ಲಿ ಅವನು ಮೊದಲ ಬಾರಿ ಬಾಯಿಬಿಟ್ಟು ಮಾತಾಡಿದ. ಆಮೇಲೆ ಅವನು ಗ್ಲಾಸು ಮುಟ್ಟಿಲ್ಲ. ಮಂಡಿಯವರು ಮತ್ತೆ ಅವನಿಗೇ ಲೋಡ್ ಕೊಡುತ್ತಿದ್ದಾರೆ.

ಮೊನ್ನೆ ಕೂಟಕ್ಕೆ ಹುಳಿಯಾರು ಕಡೆಯ ಹಟ್ಟಿಯಿಂದ ಜುಂಜಮ್ಮ ಅನ್ನುವ ತಾಯಿ ಬಂದಿದ್ದರು. ಒಳಗೆ ಬರಲು ಧೈರ್ಯವಿಲ್ಲದೆ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಶಿವರುದ್ರಮ್ಮ ಎದ್ದು ಹೋಗಿ ಮಾತಾಡಿಸಿದರು.

"ನನ್ ಮಗ ಬರಾಕಿಲ್ಲ ಅಂದ ಕಣವ್ವ. ನಾನೊಬ್ಳೇ ಬಂದಿವ್ನಿ. ಏನ್ ಪ್ರಯೋಜ್ನ?" ಅಂದರು ಜುಂಜಮ್ಮ.

ಶಿವರುದ್ರಮ್ಮ ಅವರ ಬುತ್ತಿ ಚೀಲವನ್ನು ತಾವೇ ಎತ್ತಿಕೊಂಡರು. "ಮೊದ್ಲು ನೀನ್ ಒಳಗ್ ಬಾ ತಾಯಿ. ಸುಧಾರಿಸ್ಕೋಬೇಕಾಗಿರೋ ಜೀವ ನಿಂದೂ ಒಂದೈತೆ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ನೋವು ಇದೆಯೇ? ಕುಡಿತದ ಚಟ ಒಂದು ಕಾಯಿಲೆ. ಅದನ್ನು ಮುಚ್ಚಿಟ್ಟಷ್ಟೂ ಬೆಳೆಯುತ್ತದೆ. ಕುಡಿಯುವವರು ಒಪ್ಪುವ ತನಕ ಕಾಯಬೇಡಿ. ನೀವೇ ಮೊದಲು ಹೋಗಿ, ನಿಮ್ಮಂಥವರ ಜೊತೆ ಕೂತುಕೊಳ್ಳಿ. ಇಂಥ ಕೂಟಗಳು ಎಲ್ಲಿ ಸೇರುತ್ತವೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಸರ್ಕಾರಿ ಆಸ್ಪತ್ರೆಯಲ್ಲೋ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದಿನಾ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊಡೆತ ಬಡಿತ ಇದ್ದರೆ ಸಹಿಸಿಕೊಂಡು ಕೂರಬೇಡಿ, 112ಕ್ಕೆ ಕರೆ ಮಾಡಿ. ಬಿಟ್ಟವರು ಮತ್ತೆ ಎಡವಿದರೆ ಮುಗಿದೇಹೋಯಿತು ಅಂದುಕೊಳ್ಳಬೇಡಿ. ಮತ್ತೆ ಕೂಟಕ್ಕೆ ಹೊರಡಿಸಿ, ನೀವೂ ಹೊರಡಿ. ಎಷ್ಟೋ ಜನ ಬಿಟ್ಟಿದ್ದಾರೆ. ನಿಮ್ಮ ಮನೆಯವರೂ ಬಿಡಬಲ್ಲರು.